ಮೂರನೇ ಚೌಕದಲ್ಲಿ ಒಮಾಸು ಅಜ್ಜಿ

1984 ಜನವರಿ 6, ಶುಕ್ರವಾರ

ವರ್ಷದ ಮೊದಲ ಕೆಲಸದ ದಿನವೇ ತಲೆ ಕೆಟ್ಟಿತು. ವ್ಯಂಗ್ಯಚಿತ್ರಕಾರರ ಸಂಘದ ಕಾರ್ಯದರ್ಶಿಯಿಂದ ಪತ್ರ. ವಸಂತ ಸಂಚಿಕೆಗೆ ‘ಚಿತ್ರಗಾರನ ವಿನಯ’ ಎಂಬ ವಿಷಯದ ಮೇಲೆ ಮೂರು ಪುಟ ಬರೆದುಕೊಡಬೇಕಂತೆ. ‘ತಮ್ಮಂಥ ಹಿರಿಯರು’ ಎಂದು ನಾಲ್ಕು ಸಲ ಬರೆದಿದ್ದಾನೆ. ನನಗಿಂತ ಹಿರಿಯರೆಲ್ಲ ಆಗುವುದಿಲ್ಲ ಎಂದು ಕೈ ಕೊಡವಿರಬೇಕು.

ಕುಳಿತು ಒಂದು ವಾಕ್ಯ ಬರೆದೆ: ‘ಹತ್ತೊಂಬತ್ತು ವರ್ಷಗಳಿಂದ ಸಂಜೆಪತ್ರಿಕೆಯಲ್ಲಿ ದಿನಕ್ಕೆ ನಾಲ್ಕು ಚೌಕದಂತೆ ಒಮಾಸು ಅಜ್ಜಿಯ ಚಿತ್ರ ಬರೆಯುತ್ತಿದ್ದೇನೆ, ಇಲ್ಲಿಯವರೆಗೆ ಒಂದು ಗೆರೆಯನ್ನೂ ಹಿಂದಕ್ಕೆ ಪಡೆದವನಲ್ಲ, ಆದರೂ ನಾನು ವಿನಯವಂತ.’ ಓದಿ ನೋಡಿದರೆ ಚೆನ್ನಾಗಿಯೇ ಇದೆ. ಮುಂದಿನದು ಹೊಳೆಯಲಿಲ್ಲ.

ಹನ್ನೊಂದನೇ ತಾರೀಖಿನ ಚಿತ್ರ ಮುಗಿಸಿದೆ. ಹೊಸವರ್ಷಕ್ಕೆಂದು ಇಟ್ಟು ಒಣಗಿದ ಮೋಚಿ ಎಂಬ ಅಕ್ಕಿಮುದ್ದೆಯನ್ನು ಒಡೆದು ತಿನ್ನುವ ದಿನ ಅದು. ಮೊದಲ ಚೌಕದಲ್ಲಿ ಮೋಚಿ ಕಲ್ಲಾಗಿದೆ. ಎರಡನೆಯದರಲ್ಲಿ ಅಜ್ಜಿ ಅಡುಗೆಮನೆಯಲ್ಲಿ ಸುತ್ತಿಗೆ ಹುಡುಕುತ್ತಾಳೆ. ಮೂರನೆಯದರಲ್ಲಿ ಸುತ್ತಿಗೆ ಎತ್ತಿ ಓಡುತ್ತಾಳೆ. ನಾಲ್ಕನೆಯದರಲ್ಲಿ ಮೋಚಿ ಹಾಗೇ ಇದೆ, ಮೇಜು ಎರಡು ಹೋಳು. ಮೂರನೇ ಚೌಕ ಕಾಟ ಕೊಟ್ಟಿತು. ಅಜ್ಜಿ ಬಲಕ್ಕೆ ಓಡುತ್ತಿದ್ದಳು. ನಾವು ಜಪಾನಿನವರು ಓದುವುದು ಬಲದಿಂದ ಎಡಕ್ಕೆ, ಹಾಗಾಗಿ ಅವಳು ಹೆದರಿ ವಾಪಸು ಓಡುತ್ತಿರುವಂತೆ ಕಾಣುತ್ತಿತ್ತು. ಕಾಗದ ಮಗುಚಿ, ದೀಪದ ಗಾಜಿನ ಮೇಲಿಟ್ಟು, ಹಿಂದಿನಿಂದ ಅದೇ ಗೆರೆಗಳನ್ನು ಹೊಸ ಕಾಗದಕ್ಕೆ ಇಳಿಸಿದೆ. ಅಜ್ಜಿ ಎಡಕ್ಕೆ ತಿರುಗಿದಳು. ಹೊಸಬನಾದರೆ ಅರ್ಧ ದಿನ ರಬ್ಬರ್ ತಿಕ್ಕುತ್ತಿದ್ದ, ನನಗೆ ಐದು ನಿಮಿಷ ಸಾಕಾಯಿತು.

ಅಜ್ಜಿಯ ಬಟ್ಟೆಯ ಮೇಲಿನ ನಕ್ಷೆ ತುಂಬಲು ಹೆಂಡತಿ ಕಿನುಯೊಗೆ ಕೊಟ್ಟೆ. ಮದುವೆಯಾದಾಗಿನಿಂದ ಅದು ಅವಳ ಪಾಲಿನ ಕೆಲಸ. ಕೆಲಸ ಎನ್ನುವುದೂ ಹೆಚ್ಚಾಯಿತು, ಮೂಲಂಗಿ ಹೆಚ್ಚಿದ ಹಾಗೆ ಕೈ ತಾನಾಗಿ ಆಡುತ್ತದೆ. ತುಂಬುವಾಗ ಅವಳು ಏನೋ ಗೊಣಗಿದಳು. ಒಲೆಯ ಸೀಮೆಎಣ್ಣೆ ಮುಗಿದಿರಬೇಕು.

ಜನವರಿ 11, ಬುಧವಾರ

ಚಿತ್ರ ಬಂತು. ಮೂರನೇ ಚೌಕದ ಓಟ ಅದ್ಭುತವಾಗಿದೆ. ನಾಲ್ಕು ಚೌಕದ ಕಥೆಯಲ್ಲಿ ತಿರುವು ಇರುವುದು ಮೂರನೆಯದರಲ್ಲಿ, ಉಳಿದ ಮೂರು ಅದಕ್ಕೆ ಹೊರೆಯಾಳುಗಳು. ಈಗಿನವರಿಗೆ ಇದು ತಿಳಿಯುವುದಿಲ್ಲ, ನಾಲ್ಕರಲ್ಲೂ ಹಲ್ಲು ಕಿರಿಯುತ್ತಾರೆ.

ಹಿಮ ಬೀಳುತ್ತಲೇ ಇದೆ.

ಜನವರಿ 13, ಶುಕ್ರವಾರ

ಒಂದು ಪೋಸ್ಟ್‌ಕಾರ್ಡು, ಪತ್ರಿಕೆಯ ಕಚೇರಿಗೆ ಹೋಗದೆ ನೇರ ಮನೆಗೇ ಬಂದಿದೆ. ಕುಂಚದಲ್ಲಿ ಬರೆದ ಅಕ್ಷರಗಳು, ಒಂದೊಂದೂ ಬೆನ್ನು ನೆಟ್ಟಗೆ ಮಾಡಿ ಕೂತಿವೆ. ಪೂರ್ತಿ ಇಳಿಸಿಕೊಳ್ಳುತ್ತೇನೆ. ಮೂರ್ಖ ಓದುಗರ ಬಗ್ಗೆ ಎಂದಾದರೂ ಬರೆಯುವಾಗ ಬೇಕಾದೀತು.

‘ಹನ್ನೊಂದನೇ ತಾರೀಖಿನ ಮೂರನೇ ಚೌಕದಲ್ಲಿ ಒಮಾಸು ಅಜ್ಜಿಯ ಕಿಮೊನೊದ ಬಲ ಅಂಚು ಎಡದ ಮೇಲೆ ಬಂದಿದೆ. ಹಾಗೆ ಉಡಿಸುವುದು ಹೆಣಕ್ಕೆ. ಬದುಕಿರುವವರಿಗೆ ಎಡ ಅಂಚೇ ಮೇಲೆ ಎಂದು ಮೂರು ವರ್ಷದ ಮಗುವಿಗೂ ಗೊತ್ತು. ಅಜ್ಜಿ ಯಾವಾಗ ತೀರಿಕೊಂಡರು? ನಾಲ್ಕನೇ ಚೌಕದಲ್ಲಿ ಮತ್ತೆ ಹೇಗೆ ಎದ್ದು ಕೂತರು? ದಯವಿಟ್ಟು ತಿಳಿಸಿ. ಇಂತಿ, ನಕಾಡೆ ಇಸೊ, ತೀರಿಕೊಂಡವರಿಗೆ ಬಟ್ಟೆ ಉಡಿಸುವವಳು.’

ಪತ್ರಿಕೆ ತೆಗೆದು ಭೂತಗನ್ನಡಿ ಹಿಡಿದು ನೋಡಿದೆ. ಬಲವೇ ಮೇಲಿದೆ. ಕಾಗದ ಮಗುಚಿದರೆ ಬಟ್ಟೆಯೂ ಮಗುಚುತ್ತದೆ. ಈ ಕಸುಬಿನಲ್ಲಿ ಕಾಗದ ಮಗುಚದವನಿಲ್ಲ. ಮಗುಚಿದ ಮೇಲೆ ಕೊರಳ ಬಳಿ ಒಂದು ಗೆರೆ ತಿದ್ದಿಬಿಡುತ್ತೇವೆ. ನಾನು ತಿದ್ದಲಿಲ್ಲ. ಯಾಕೆ ತಿದ್ದಲಿಲ್ಲ ಎನ್ನುವುದು ಬೇರೆ ಮಾತು.

ಹೆಬ್ಬೆರಳಿನ ಉಗುರಿನಷ್ಟು ಜಾಗ. ಅದನ್ನು ಹುಡುಕಿ ಕಾರ್ಡು ಬರೆಯಲು ಕೂತಿದ್ದಾಳಲ್ಲ, ಈ ಹೆಂಗಸಿಗೆ ಊರಲ್ಲಿ ಹೆಣಗಳ ಬರವೇ? ಕಾರ್ಡನ್ನು ಒಲೆಗೆ ಹಾಕಲು ಹೋದವನು ಡ್ರಾಯರಿಗೆ ಹಾಕಿದೆ.

ಜನವರಿ 14, ಶನಿವಾರ

ಹಿಗಾಶಿದೆ ಫೋನು ಮಾಡಿದ. ಕಳೆದ ವರ್ಷದಿಂದ ನನ್ನ ಪುಟದ ಸಂಪಾದಕ ಇವನು. ಅದಕ್ಕೂ ಮುಂಚೆ ಕ್ರೀಡಾಪುಟದಲ್ಲಿ ಸುಮೊ ಪೈಲ್ವಾನರ ತೂಕ ಬರೆದುಕೊಂಡಿದ್ದವನು. ವಯಸ್ಸು ಮೂವತ್ನಾಲ್ಕು, ಸ್ವರದಲ್ಲಿ ಯಾವಾಗಲೂ ಬೆಣ್ಣೆ, ಮಾತುಮಾತಿಗೆ ‘ಸೆನ್ಸೆಯ್’, ಅಂದರೆ ಗುರುಗಳೇ.

“ಸೆನ್ಸೆಯ್, ಹದಿನಾಲ್ಕು ಕಾರ್ಡು ಬಂದಿವೆ. ಫೋನು ಲೆಕ್ಕ ಇಟ್ಟಿಲ್ಲ. ನೀವೇನೂ ಬೇಜಾರು ಮಾಡ್ಕೋಬೇಡಿ. ‘ತಪ್ಪಾಗಿದೆ, ಕ್ಷಮಿಸಿ’ ಅಂತ ಎರಡು ಸಾಲು ಬರೆದುಕೊಡಿ, ಚಿತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕ್ತೀನಿ.”

“ತಪ್ಪಾಗಿದೆ ಅಂತ ನಿನಗೆ ಯಾರಂದ್ರು?”

“ಅಂದ್ರೆ?”

“ಬೇಕು ಅಂತಲೇ ಹಾಗೆ ಬರೆದದ್ದು.”

“ಸುತ್ತಿಗೆಯೂ ಎಡಗೈಲಿದೆ, ಸೆನ್ಸೆಯ್.” ಎಷ್ಟು ಮೃದುವಾಗಿ ಹೇಳಿದನೆಂದರೆ ಫೋನಿನೊಳಗೆ ಕೈ ಹಾಕಿ ಕೆನ್ನೆಗೆ ಬಾರಿಸೋಣ ಅನ್ನಿಸಿತು.

“ಅದೂ ಬೇಕು ಅಂತಲೇ.”

“ಹಾಗಾದ್ರೆ ಇದು ಸೂಚನೆ ಅಂತಾಯ್ತು. ಒಮಾಸು ಅಜ್ಜಿ ಸಾಯ್ತಾರಾ?”

“ಹೌದು.”

“ಯಾವಾಗ?”

“ತಿಂಗಳ ಕೊನೆಗೆ” ಎಂದು ಫೋನು ಕುಕ್ಕಿದೆ. ಆಮೇಲೆ ನೋಡಿದರೆ ಕಿನುಯೊ ಬಾಗಿಲಲ್ಲಿ ಟವೆಲು ಹಿಡಿದು ನಿಂತಿದ್ದಾಳೆ. ನನ್ನನ್ನು ನೋಡಿ ಒಳಗೆ ಹೋದಳು. ಅವಳ ಆ ನೋಟ ನನಗೆ ಹಿಡಿಸುವುದಿಲ್ಲ.

ಜನವರಿ 17, ಮಂಗಳವಾರ

ಹಿಗಾಶಿದೆ ಆ ಹಿಮದಲ್ಲಿ ಸಿಹಿತಿಂಡಿಯ ಡಬ್ಬಿ ಹಿಡಿದು ಮನೆಗೇ ಬಂದ. ಮಂಡಿಯೂರಿ, ಹಣೆ ಚಾಪೆಗೆ ತಾಗುವಷ್ಟು ಬಗ್ಗಿ, ನೆಟ್ಟಗೆ ಕೂತು ಚೂರಿ ಹಾಕಿದ. ನಿನ್ನೆಯ ಸಭೆಯಲ್ಲಿ ಅಜ್ಜಿಯ ವಿಷಯ ಹೇಳಿದನಂತೆ. ಮೇಲಿನವರು ‘ಹತ್ತೊಂಬತ್ತು ವರ್ಷ ಸಾಕಷ್ಟಾಯಿತು’ ಅಂದರಂತೆ. ಒಬ್ಬ ಹುಡುಗಿ ಬೆಕ್ಕಿನ ಚಿತ್ರ ಬರೆಯುತ್ತಾಳಂತೆ, ಮೂವತ್ತು ದಿನದ ಚಿತ್ರ ಸಿದ್ಧವಿದೆಯಂತೆ, ಫೆಬ್ರವರಿ ಒಂದರಿಂದ ನನ್ನ ಜಾಗದಲ್ಲಿ ಬೆಕ್ಕು.

“ನೀವೇ ನಿರ್ಧಾರ ಮಾಡಿದ್ದೀರಲ್ಲ, ನಮಗೂ ಹಗುರವಾಯ್ತು” ಅಂದ. ಆಮೇಲೆ ಚಹಾ ಲೋಟ ಕೆಳಗಿಟ್ಟು, “ಆದ್ರೆ ಸೆನ್ಸೆಯ್, ನನ್ನ ಅಮ್ಮನೂ ಬೆಳಗಿಂದ ಫೋನು ಮಾಡಿ ಬೈತಿದ್ದಾರೆ. ತಪ್ಪಾಯ್ತು ಅಂತ ಆ ಎರಡು ಸಾಲು ಕೊಟ್ರೆ ನಾನು ಹೇಗಾದ್ರೂ ಮಾಡಿ ಅಜ್ಜೀನ ಉಳಿಸ್ಕೊಡ್ತೀನಿ. ಇಪ್ಪತ್ತೇಳರ ಶುಕ್ರವಾರದವರೆಗೂ ಟೈಮಿದೆ” ಅಂದ.

“ನಾನು ಮಾತು ಬದಲಾಯಿಸೋನಲ್ಲ.”

“ಗೊತ್ತು” ಅಂದ. ಅದನ್ನು ಹೊಗಳಿಕೆಯಂತೆ ಹೇಳಲಿಲ್ಲ.

ಒಮಾಸು ಅಜ್ಜಿ ಇಲ್ಲದಿದ್ದರೆ ನನಗೆ ಬೇರೆ ಏನೂ ಬರೆಯಲು ಬರುವುದಿಲ್ಲ. ಐವತ್ತೇಳನೆಯ ವಯಸ್ಸಿನಲ್ಲಿ ಬೇರೆ ಮುಖ ಕೈಗೆ ಹತ್ತುವುದಿಲ್ಲ. ಇದು ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ. ಆ ಸುಮೊ ಗುಮಾಸ್ತನಿಗೆ ಗೊತ್ತಿದೆ ಅನ್ನಿಸಿತು. ಡಬ್ಬಿಯ ಸಿಹಿಯನ್ನು ಮುಟ್ಟಲಿಲ್ಲ. ಎರಡು ಮಾತ್ರ ತಿಂದೆ.

ಜನವರಿ 19, ಗುರುವಾರ

ಪತ್ರಿಕೆಯಲ್ಲಿ ಪ್ರಕಟಣೆ ಬಂದಿದೆ, ‘ಒಮಾಸು ಅಜ್ಜಿಯ ಕೊನೆಯ ದಿನಗಳು’ ಎಂದು ಕಪ್ಪು ಚೌಕಟ್ಟಿನೊಳಗೆ. ಊರಿಗೆ ಊರೇ ನನ್ನನ್ನು ಕೊಲೆಗಾರನಂತೆ ನೋಡುತ್ತಿದೆ. ಮೀನಿನಂಗಡಿಯವನು ಬುರಿ ಮೀನಿನ ಬಾಲದ ತುಂಡನ್ನು ಕಾಗದದಲ್ಲಿ ಸುತ್ತಿದ. ಹೊಟ್ಟೆಯ ಭಾಗ ಬೇಕು ಅಂದೆ.

“ಹೊಟ್ಟೆ ಭಾಗ ಅಜ್ಜಿ ಅಭಿಮಾನಿಗಳಿಗೆ. ಸಾಯಿಸೋರಿಗೆ ಬಾಲ ಸಾಕು” ಅಂದ. ಪಕ್ಕದಲ್ಲಿದ್ದ ಇಬ್ಬರು ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದರು. ಇವನ ಅಂಗಡಿಯನ್ನು ಒಂದು ಸಲ ಚಿತ್ರದಲ್ಲಿ ಬರೆದಿದ್ದೆ, ಹಣ ಕೊಟ್ಟರೂ ಸಿಗದ ಪ್ರಚಾರ. ಕೃತಘ್ನರ ಊರು.

ಮನೆಗೆ ಬಂದು ಅಜ್ಜಿಯನ್ನು ಕಾಯಿಲೆ ಬಿದ್ದಂತೆ ಮಲಗಿಸಲು ಕೂತೆ. ಹಾಸಿಗೆ ಬರೆದೆ, ದಿಂಬು ಬರೆದೆ, ಔಷಧದ ಪೊಟ್ಟಣ ಬರೆದೆ. ದಿಂಬಿನ ಮೇಲೆ ತಲೆ ಇಟ್ಟರೆ ಅದು ಆರೋಗ್ಯವಂತ ತಲೆಯೇ ಆಗುತ್ತದೆ. ಕಣ್ಣು ಮುಚ್ಚಿಸಿದರೆ ನಿದ್ದೆಯ ನಾಟಕ ಆಡುತ್ತಿರುವಂತೆ ಕಾಣುತ್ತಾಳೆ. ಏಳು ಕಾಗದ ಹರಿದೆ. ಎಂಟನೆಯದರಲ್ಲಿ ಅವಳು ಎದ್ದು ಕೂತು ಔಷಧವನ್ನು ಗಂಜಿಗೆ ಉಪ್ಪಿನ ಹಾಗೆ ಉದುರಿಸಿಕೊಳ್ಳುತ್ತಿದ್ದಳು, ನನಗೇ ನಗು ಬಂತು. ನಕ್ಕದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ವಿನಯದ ಲೇಖನಕ್ಕೆ ಇನ್ನೊಂದು ವಾಕ್ಯ: ‘ಓದುಗನಿಗೆ ಹೆದರುವವನು ಚಿತ್ರಗಾರನಲ್ಲ.’ ಇದು ವಿನಯದ ಕೆಳಗೆ ಬರುತ್ತದೋ ಇಲ್ಲವೋ ನೋಡಬೇಕು.

ಜನವರಿ 21, ಶನಿವಾರ

ಸಿಕ್ಕಿತು. ಕನ್ನಡಿ.

ಮೂರನೇ ಚೌಕದಲ್ಲಿ ಇದ್ದದ್ದು ಅಜ್ಜಿಯಲ್ಲ, ಕನ್ನಡಿಯಲ್ಲಿ ಅವಳ ಪ್ರತಿಬಿಂಬ. ಕಿಮೊನೊ ಯಾಕೆ ಮಗುಚಿದೆ? ಕನ್ನಡಿ. ಸುತ್ತಿಗೆ ಯಾಕೆ ಎಡಗೈಯಲ್ಲಿದೆ? ಕನ್ನಡಿ. ಒಂದು ಚಿತ್ರ ಬರೆದು, ಅಜ್ಜಿ ಕನ್ನಡಿಯ ಮುಂದೆ ನಿಂತು ‘ನನ್ನನ್ನು ಸತ್ತೆ ಅಂದ್ರಲ್ಲ, ಕನ್ನಡಿ ನೋಡೋಕೂ ಬರಲ್ವೇ ನಿಮಗೆ’ ಎಂದು ಊರಿನವರಿಗೆ ಬೈಯುವಂತೆ ಮಾಡಿದರೆ ಅಜ್ಜಿಯೂ ಉಳಿಯುತ್ತಾಳೆ, ನಾನೂ ಉಳಿಯುತ್ತೇನೆ, ಕಾರ್ಡು ಹಾಕಿದವರೆಲ್ಲ ದಡ್ಡರಾಗುತ್ತಾರೆ. ಊಟವನ್ನೂ ಮಾಡದೆ ನಾಲ್ಕು ಚೌಕ ಬರೆದೆ. ಇಂಥ ಗೆರೆ ನನ್ನ ಕೈಯಿಂದ ಬಂದು ಎಷ್ಟೋ ವರ್ಷವಾಗಿತ್ತು.

ನಕ್ಷೆ ತುಂಬಲು ಕಿನುಯೊಗೆ ಕೊಟ್ಟೆ. ಅವಳು ಪೆನ್ನು ಎತ್ತಿಕೊಳ್ಳದೆ ಕೇಳಿದಳು, “ಕನ್ನಡಿ ಎಲ್ಲಿತ್ತು ರೀ?”

“ಎಲ್ಲಿತ್ತು ಅಂದ್ರೆ?”

“ಅವತ್ತಿನ ಚಿತ್ರದಲ್ಲಿ.”

“ಇತ್ತು. ಓದುಗರಿಗೆ ಕಾಣಲಿಲ್ಲ ಅಷ್ಟೆ.”

“ನಾನೇ ತುಂಬಿದ್ದು. ನನಗೂ ಕಾಣಲಿಲ್ಲ.”

ನಾನು ಕೂಗಾಡಿದೆ. ಏನು ಕೂಗಿದೆ ಎಂದು ಬರೆಯುವುದು ಬೇಡ. ಅವಳು ನಕ್ಷೆಯನ್ನು ತುಂಬಿ, ಕಾಗದವನ್ನು ನನ್ನ ಮೇಜಿನ ಮೇಲೆ ಅಂಚಿಗೆ ಅಂಚು ಸರಿಹೊಂದಿಸಿಟ್ಟು ಹೋದಳು.

ಜನವರಿ 22, ಭಾನುವಾರ

ಕಿನುಯೊ ಮಾತಾಡುತ್ತಿಲ್ಲ. ಒಳ್ಳೆಯದೇ ಆಯಿತು.

ಜನವರಿ 24, ಮಂಗಳವಾರ

ಇವತ್ತಿನದನ್ನು ಇದ್ದದ್ದು ಇದ್ದ ಹಾಗೆ ಬರೆಯಬೇಕು.

ಬೆಳಿಗ್ಗೆ ಹತ್ತಕ್ಕೆ ಹೊರಟೆ. ಕಾರ್ಡಿನ ಮೇಲಿದ್ದ ವಿಳಾಸ ಕಂಚು ಎರಕದವರ ಬೀದಿಯದು. ಸೊಂಟದವರೆಗೆ ಹಿಮ. ಕನ್ನಡಿಯ ಚಿತ್ರವನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ ಅವಚಿಕೊಂಡಿದ್ದೆ. ಅದನ್ನು ಆ ಹೆಂಗಸಿನ ಮುಖಕ್ಕೆ ಹಿಡಿದು, ಅವಳು ಕ್ಷಮೆ ಕೇಳುವುದನ್ನು ಕಣ್ಣಾರೆ ನೋಡಿ, ಅಲ್ಲಿಂದ ಹಾಗೇ ಪತ್ರಿಕೆಯ ಕಚೇರಿಗೆ ಹೋಗಬೇಕೆಂದಿದ್ದೆ.

ನಕಾಡೆ ಇಸೊಗೆ ಎಪ್ಪತ್ತರ ಹತ್ತಿರ. ಕುಳ್ಳಿ. ಬಾಗಿಲನ್ನು ಅರ್ಧ ಸರಿಸಿ ನನ್ನನ್ನು ಮೇಲಿಂದ ಕೆಳಗೆ ಅಳೆದಳು, ಕಸುಬಿನ ಅಭ್ಯಾಸ ಇರಬೇಕು.

“ಮುಕೈ ಅಂತ. ಚಿತ್ರ ಬರೆಯೋನು.”

“ಓ, ಅಜ್ಜೀನ ಕೊಲ್ಲೋಕೆ ಹೊರಟಿರೋರು ನೀವೇನಾ. ಹಿಮ ಕೊಡವ್ಕೊಂಡು ಬನ್ನಿ, ಚಾಪೆ ಒದ್ದೆಯಾಗುತ್ತೆ.”

ಚಹಾ ಕೊಡಲಿಲ್ಲ. ಚಿತ್ರವನ್ನು ಬಿಚ್ಚಿ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

“ಇದು ಕನ್ನಡೀನಾ?”

“ಹೌದು. ಅವತ್ತು ನೀವು ನೋಡಿದ್ದು ಕನ್ನಡಿಲಿ ಕಂಡ ಅಜ್ಜೀನ.”

“ಅವತ್ತು ಅವರಿದ್ದದ್ದು ಅಡುಗೆಮನೇಲಿ. ಅಡುಗೆಮನೇಲಿ ಆಳೆತ್ತರದ ಕನ್ನಡೀನಾ?”

“ಇರಬಾರದಾ?”

“ನಿಮ್ಮನೇಲಿದ್ಯಾ?”

ನಾನು ಚಿತ್ರವನ್ನು ನನ್ನ ಕಡೆಗೆ ಎಳೆದುಕೊಂಡೆ.

“ಮುಕೈ-ಸಾನ್, ಒಂದು ಸುಳ್ಳಿಗೆ ಇಷ್ಟು ಕಷ್ಟಪಟ್ಟು ನಾಲ್ಕು ಚೌಕ ಹಾಕಿದ್ದೀರಲ್ಲ. ತಪ್ಪಾಯ್ತು ಅನ್ನೋಕೆ ಎಷ್ಟು ಹೊತ್ತು ಹಿಡೀತಿತ್ತು?”

ನನ್ನ ಸ್ವರ ಏರಿತು. ಹತ್ತೊಂಬತ್ತು ವರ್ಷದಿಂದ ಕಿಮೊನೊ ಬರೆಯುತ್ತಿದ್ದೇನೆ, ನಿಮ್ಮಿಂದ ಕಲಿಯಬೇಕಾಗಿಲ್ಲ ಅಂದೆ. ಅವಳು ಎದ್ದು, ಪೆಟ್ಟಿಗೆಯಿಂದ ಗಂಡಸರ ಕಿಮೊನೊ ಒಂದನ್ನು ತೆಗೆದು ನನ್ನ ಮಡಿಲಿಗೆ ಹಾಕಿದಳು.

“ಉಟ್ಕೊಳ್ಳಿ, ನೋಡೋಣ.”

“ಯಾಕೆ?”

“ಹತ್ತೊಂಬತ್ತು ವರ್ಷ ಬರೆದೋರಲ್ವಾ.”

ಮದುವೆಯ ದಿನ ಬಿಟ್ಟರೆ ನಾನು ಕಿಮೊನೊ ಉಟ್ಟವನಲ್ಲ, ಅವತ್ತೂ ಯಾರೋ ಉಡಿಸಿದ್ದರು. ಸ್ವೆಟರಿನ ಮೇಲೆ ತೋಳು ತೂರಿಸಿ, ಎರಡು ಅಂಚು ಎರಡು ಕೈಯಲ್ಲಿ ಹಿಡಿದು ನಿಂತೆ. ಕಾಗದದ ಮೇಲಾದರೆ ಅಜ್ಜಿ ನನ್ನ ಎದುರು ನಿಂತಿರುತ್ತಾಳೆ, ಅವಳ ಎಡ ನನ್ನ ಬಲ. ಈಗ ನಾನೇ ಬಟ್ಟೆಯ ಒಳಗಿದ್ದೇನೆ. ಕಾಗದವನ್ನು ನೆನೆದು, ಮನಸ್ಸಿನಲ್ಲೇ ತಿರುಗಿಸಿ, ಮತ್ತೊಮ್ಮೆ ತಿರುಗಿಸಿ, ಒಂದು ಅಂಚನ್ನು ಮೇಲೆ ತಂದೆ. ಬೆವರು ಬಂದಿತ್ತು. ಅವಳು ನಗಲಿಲ್ಲ.

“ಈಗ ನೀವು ಸತ್ತೋರು. ಸತ್ತೋರು ಮಾತಾಡಲ್ಲ. ಕೂತು ಕೇಳ್ಕೊಳ್ಳಿ” ಅಂದಳು.

ಕೂತೆ. ಅವಳು ಹೇಳಿದ್ದು ಇಷ್ಟು.

“ನಿಮ್ಮ ಅಜ್ಜಿಗೆ ಸೊಂಟಪಟ್ಟಿ ಒಂದು ದಿನವೂ ನೀವು ಸರಿಯಾಗಿ ಕಟ್ಟಿಲ್ಲ. ಕಿಮೊನೊ ಉಟ್ಟು ಕೂತ್ರೆ ಮೊಣಕಾಲು ಎಲ್ಲಿಗೆ ಬರುತ್ತೆ ಅಂತ ನಿಮಗೆ ಗೊತ್ತಿಲ್ಲ. ತೋಳು ಒಂದು ದಿನ ಉದ್ದ, ಒಂದು ದಿನ ಮೋಟು. ಎಲ್ಲ ನೋಡಿದ್ದೀನಿ, ಯಾವತ್ತೂ ಕಾರ್ಡು ಹಾಕಲಿಲ್ಲ. ಚಿತ್ರ ತಾನೇ, ನಗು ಬಂದ್ರೆ ಸಾಕು. ಇದನ್ನ ಮಾತ್ರ ಬಿಡೋಕಾಗಲಿಲ್ಲ. ಈ ಕೈಲಿ ದಿನಾ ಯಾರಿಗೋ ಬಲ ಅಂಚು ಮೇಲೆ ತರ್ತೀನಿ. ಎಷ್ಟೋ ಸಲ ಗುರುತಿನೋರೇ ಆಗಿರ್ತಾರೆ. ಮನೆಗೆ ಬಂದು ಕೈ ತೊಳೆದು ಪೇಪರ್ ಬಿಡಿಸಿದ್ರೆ ಅಲ್ಲಿ ಒಮಾಸು-ಸಾನ್ ಇರ್ತಾರೆ. ಅವರಿಗೂ ಹಾಗೇ ಉಡಿಸಿಬಿಟ್ರೆ ನಾನು ಆಮೇಲೆ ಎಲ್ಲಿ ನೋಡ್ಲಿ?”

ನಾನು ಸತ್ತವನು, ಕೂತೇ ಇದ್ದೆ. ಅವರು ಆಗ ಎದ್ದು ಚಹಾ ತಂದರು. ಸ್ವರ ಸ್ವಲ್ಪ ಇಳಿದಿತ್ತು.

“ಒಂದು ಮಾತು ಹೇಳ್ಬೇಕು. ಬಟ್ಟೆ ಮೇಲಿನ ನಕ್ಷೆ ಮಾತ್ರ ಒಂದು ದಿನವೂ ತಪ್ಪಿಲ್ಲ. ಕಾಲಕ್ಕಿಂತ ಒಂದು ಹೆಜ್ಜೆ ಮುಂಚೆ ಬದಲಾಗುತ್ತೆ. ಬೆಟ್ಟದಲ್ಲಿ ಮೇಪಲ್ ಎಲೆ ಕೆಂಪಾಗೋ ಮುಂಚೆ ಅಜ್ಜಿ ಮೈಮೇಲೆ ಎಲೆ ಬಂದಿರುತ್ತೆ. ಗಂಡ ತೀರಿಕೊಂಡ ತಿಂಗಳು ಪ್ರತಿ ವರ್ಷವೂ ಸಾದಾ ಬಟ್ಟೆ. ಇಷ್ಟು ಚಿಕ್ಕ ಚೌಕದಲ್ಲಿ ಯಾರು ನೋಡ್ತಾರೆ ಅಂದುಕೊಳ್ಳದೆ ಬರೀತೀರಲ್ಲ, ಅದಕ್ಕೇ ನಿಮ್ಮ ಮೇಲೆ ನನಗೆ ಮರ್ಯಾದೆ ಇತ್ತು.”

ನಾನು ತಲೆ ಬಗ್ಗಿಸಿದೆ. ಅವರು ಅದನ್ನು ವಿನಯ ಅಂದುಕೊಂಡರು. ಕಿಮೊನೊ ಕಳಚಿ ಮಡಿಸಿಟ್ಟು, ಆ ಹೊಗಳಿಕೆಯನ್ನು ಹಾಗೇ ಹೊತ್ತುಕೊಂಡು ಹೊರಗೆ ಬಂದೆ. ಪತ್ರಿಕೆಯ ಕಚೇರಿಗೆ ಹೋಗಲಿಲ್ಲ.

ಜನವರಿ 25, ಬುಧವಾರ

ಮಧ್ಯಾಹ್ನ ಕಿನುಯೊ ಪೇಟೆಗೆ ಹೋದಾಗ ಹಳೆಯ ಚಿತ್ರಗಳ ಕಟ್ಟುಗಳನ್ನು ಕೆಳಗಿಳಿಸಿದೆ. ಹತ್ತೊಂಬತ್ತು ಕಟ್ಟು, ಧೂಳು ಹಿಡಿದಿಲ್ಲ, ಒರೆಸುತ್ತಾಳೆಂದು ಕಾಣುತ್ತದೆ. ನಗೆ ಬಿಟ್ಟು ಬಟ್ಟೆ ಮಾತ್ರ ನೋಡುತ್ತ ಹೋದೆ. ಮಳೆಗಾಲ ಬರುವ ಮುಂಚೆ ನೀರ ಹೂವುಗಳಿವೆ, ಬೇಸಿಗೆಯಲ್ಲಿ ತಾವರೆಯೋ ಏನೋ ಇದೆ, ಮೊದಲ ಹಿಮಕ್ಕೆ ಬಿದಿರು. ಅಜ್ಜಿ ಮಗನ ಜೊತೆ ಜಗಳವಾಡಿದ ದಿನಗಳಲ್ಲಿ ನಕ್ಷೆ ಒತ್ತೊತ್ತಾಗಿದೆ. ಸೆಪ್ಟೆಂಬರ್ ತಿಂಗಳೆಲ್ಲ ಸಾದಾ. ಹದಿನೇಳು ವರ್ಷದ ಸೆಪ್ಟೆಂಬರುಗಳೂ ಹಾಗೇ. ಅಜ್ಜಿಯ ಗಂಡ ಸೆಪ್ಟೆಂಬರಿನಲ್ಲಿ ಸತ್ತ ಎಂದು ಎರಡನೆಯ ವರ್ಷ ನಾನೇ ಒಂದು ಚಿತ್ರದಲ್ಲಿ ಹಾಕಿದ್ದೆ. ಒಂದು ನಗೆಗಾಗಿ ಅವನನ್ನು ಸಾಯಿಸಿ ಮರೆತಿದ್ದೆ.

ಇವಳು ಒಂದು ದಿನವಾದರೂ ಹೇಳಬಹುದಿತ್ತು. ಇಂಥದ್ದನ್ನೆಲ್ಲ ಮುಚ್ಚಿಟ್ಟುಕೊಂಡು ಮಾಡಿ ಗಂಡನನ್ನು ಬೇರೆಯವರೆದುರು ಪೆಚ್ಚು ಮಾಡುವುದು ಯಾವ ನ್ಯಾಯ ಎಂದು ಬರೆಯಲು ಹೊರಟೆ. ಬರೆಯುವ ಮೊದಲು ಈ ದಿನಚರಿಯ ಹಿಂದಿನ ಪುಟಗಳನ್ನು ತಿರುವಿದೆ. ಆರನೇ ತಾರೀಖಿನಲ್ಲಿ ‘ಅವಳು ಏನೋ ಗೊಣಗಿದಳು’ ಎಂದಿದೆ.

ಸುಳ್ಳು. ಗೊಣಗಲಿಲ್ಲ. “ರೀ, ಇದು ಬಲ ಮೇಲಾಗಿದೆ” ಎಂದು ಸ್ಪಷ್ಟವಾಗಿ ಹೇಳಿದಳು. ನಾನು “ನೀನು ನಕ್ಷೆ ತುಂಬು, ಚಿತ್ರ ಬರೆಯೋದು ನಾನು” ಅಂದೆ. ಅವಳು ತಲೆ ತಗ್ಗಿಸಿ ತುಂಬಿದಳು. ಆಮೇಲೆ ನಾನು ನೋಡಿದೆ, ಬಲವೇ ಮೇಲಿತ್ತು. ಬಿಳಿ ಬಣ್ಣದ ಒಂದು ಗೀರು, ಮಸಿಯ ಒಂದು ಗೆರೆ ಸಾಕಿತ್ತು. ತಿದ್ದಿದ್ದರೆ ಅವಳು ಹೇಳಿದ್ದು ಸರಿ ಎಂದಾಗುತ್ತಿತ್ತು. ಹಾಗೇ ಕಳಿಸಿದೆ.

ಯಾರೂ ಓದದ ಪುಸ್ತಕದಲ್ಲೂ ಸುಳ್ಳು ಬರೆದಿದ್ದೇನೆ. ನಾಚಿಕೆಯಾಗುತ್ತಿದೆ.

ಜನವರಿ 26, ಗುರುವಾರ

ಕನ್ನಡಿಯ ಚಿತ್ರ ಹರಿದೆ. ಗೆರೆ ಚೆನ್ನಾಗಿತ್ತು.

ಮೂವತ್ತೊಂದಕ್ಕೆ ಬೇರೆ ಬರೆದೆ. ಬೀದಿಯವರೆಲ್ಲ ಅಜ್ಜಿ ಸತ್ತಳೆಂದು ಊದುಬತ್ತಿ ತರುತ್ತಾರೆ, ಬಾಗಿಲು ತೆಗೆಯುವವಳು ಅಜ್ಜಿಯೇ. ‘ಬೇಸಿಗೇಲಿ ಸೊಳ್ಳೆಗಾಗುತ್ತೆ, ಇಟ್ಟು ಹೋಗಿ’ ಅನ್ನುತ್ತಾಳೆ. ದೊಡ್ಡ ನಗೆಯೇನಲ್ಲ. ಸೊಂಟಪಟ್ಟಿ ಬರೆಯುವಾಗ ಕೈ ನಿಂತಿತು. ಎದ್ದು ಮನೆಯಲ್ಲಿದ್ದ ಹಳೆಯ ಯುಕಾತ ಎಂಬ ತೆಳು ಹತ್ತಿ ಕಿಮೊನೊ ಉಟ್ಟು, ಕಟ್ಟಿ, ಮಂಡಿಯೂರಿ ಕೂತು, ಮೊಣಕಾಲು ಎಲ್ಲಿಗೆ ಬರುತ್ತದೆ ಎಂದು ನೋಡಿದೆ. ನಾನು ಅಂದುಕೊಂಡಲ್ಲಿಗೆ ಬರುವುದಿಲ್ಲ. ಕಿನುಯೊ ಒಳಗೆ ಬಂದವಳು ನನ್ನನ್ನು ನೋಡಿ, ಕೊರಳ ಹಿಂದೆ ಒಂದು ಸಲ ಎಳೆದು ಸರಿಮಾಡಿ ಹೋದಳು.

ಸಂಘದ ಕಾರ್ಯದರ್ಶಿಗೆ ಕಾರ್ಡು ಹಾಕಿದೆ: ‘ವಿಷಯದ ಪರಿಚಯವಿಲ್ಲ. ಬೇರೆಯವರನ್ನು ಕೇಳಿ.’

ಜನವರಿ 27, ಶುಕ್ರವಾರ

ಹಿಗಾಶಿದೆಗೆ ಫೋನು ಮಾಡಿ ಸಾಲುಗಳನ್ನು ಓದಿದೆ. ಬರೆದುಕೊಂಡ.

“ನಾನು ಕೇಳಿದ್ದು ಎರಡು ಸಾಲು, ಸೆನ್ಸೆಯ್. ಇದು ನಾಲ್ಕಾಯ್ತು.”

“ನಾಲ್ಕೂ ಹಾಕಿ.”

“ಕೊನೇ ಎರಡು ಓದುಗರಿಗೆ ಬೇಕಾಗಿಲ್ಲವಲ್ಲ. ಮನೆ ವಿಷಯ.”

“ಅವಿಲ್ಲದೆ ಮೊದಲಿನೆರಡೂ ಬೇಡ.”

ಆ ಕಡೆಯಿಂದ ಬೆಣ್ಣೆ ಬರಲಿಲ್ಲ, ‘ಆಯ್ತು’ ಎಂದಷ್ಟೇ ಬಂತು. ಬೆಕ್ಕಿನ ಹುಡುಗಿಗೆ ಮಾತು ಕೊಟ್ಟಾಗಿದೆಯಂತೆ. ಪತ್ರಿಕೆಯಿಲ್ಲದ ಭಾನುವಾರ ಬಿಟ್ಟು, ವಾರಕ್ಕೆ ಮೂರು ದಿನ ಬೆಕ್ಕು, ಮೂರು ದಿನ ಅಜ್ಜಿ, ಅಷ್ಟು ಮಾತ್ರ ಮಾಡಲು ಸಾಧ್ಯವಾಯಿತಂತೆ. ಅರ್ಧ ಜಾಗ ಹೋಯಿತು. ಬೆಕ್ಕು ನಾಲ್ಕು ಚೌಕದಲ್ಲೂ ಹಲ್ಲು ಕಿರಿಯುತ್ತದೆ ಎಂದು ನಾನು ಈಗಲೇ ಬರೆದಿಡುತ್ತೇನೆ.

ಕಿನುಯೊಗೆ ಹೇಳಲಿಲ್ಲ. ಹೇಳುವುದು ಹೇಗೆ ಎಂದು ತಿಳಿಯಲಿಲ್ಲ.

ಜನವರಿ 31, ಮಂಗಳವಾರ

ನಾಲ್ಕು ಗಂಟೆಗೆ ಪತ್ರಿಕೆ ಬಂತು. ಚಿತ್ರದ ಕೆಳಗೆ, ನಾನು ಹೇಳಿದಂತೆ ಸಣ್ಣದಲ್ಲದ ಅಕ್ಷರದಲ್ಲಿ:

‘ಹನ್ನೊಂದನೇ ತಾರೀಖಿನ ಮೂರನೇ ಚೌಕದಲ್ಲಿ ಒಮಾಸು ಅಜ್ಜಿಯ ಕಿಮೊನೊ ತಪ್ಪಾಗಿದೆ. ಅಜ್ಜಿ ಬದುಕಿದ್ದಾರೆ, ತಪ್ಪು ನನ್ನದು. ಅಜ್ಜಿಯ ಬಟ್ಟೆಯ ಮೇಲೆ ಈಗ ಕಾಣುವ ಚೆರ್ರಿ ಹೂವುಗಳನ್ನೂ ಹತ್ತೊಂಬತ್ತು ವರ್ಷಗಳ ಎಲ್ಲ ನಕ್ಷೆಗಳನ್ನೂ ಬರೆದವಳು ನನ್ನ ಹೆಂಡತಿ ಕಿನುಯೊ. ಅವಳು ಅಂದೇ ಈ ತಪ್ಪನ್ನು ಹೇಳಿದ್ದಳು, ನಾನು ಕೇಳಲಿಲ್ಲ. ಮುಕೈ ಸೊಕಿಚಿ.’

ನಾನು ಪತ್ರಿಕೆಯನ್ನು ಮೇಜಿನ ಮೇಲೆ ಬಿಟ್ಟು, ಪೆನ್ನಿನ ಮೊನೆ ತೊಳೆಯುವ ನೆಪದಲ್ಲಿ ಬೆನ್ನು ತಿರುಗಿಸಿ ಕೂತೆ. ಕಿನುಯೊ ಬಂದಳು. ಬಿಡಿಸಿದ ಸದ್ದಾಯಿತು. ತೊಳೆದ ಮೊನೆಯನ್ನೇ ಮತ್ತೆ ತೊಳೆದೆ.

“ರೀ.”

“ಏನು?”

“ಇಲ್ಲಿ ಚೆರ್ರಿ ಅಂತ ಹಾಕಿದ್ದೀರಿ.”

“ಹೌದು. ಮತ್ತೆ?”

“ಇದು ಪ್ಲಮ್ ಹೂವು.” ಪತ್ರಿಕೆಯನ್ನು ನನ್ನ ಮೂಗಿನ ಹತ್ತಿರ ತಂದಳು. “ಎಸಳಿನ ತುದಿ ದುಂಡಗಿದೆ ನೋಡಿ. ಚೆರ್ರಿಗಾದ್ರೆ ತುದೀಲಿ ಸೀಳಿರುತ್ತೆ. ಜನವರೀಲಿ ಚೆರ್ರಿ ಉಟ್ಕೊಂಡು ಓಡಾಡಿದ್ರೆ ಅಜ್ಜೀನ ಬೀದಿಯವರು ನೋಡಿ ನಗ್ತಾರೆ.”

ಭೂತಗನ್ನಡಿ ತೆಗೆದುಕೊಂಡೆ. ದುಂಡಗಿದೆ. ಪ್ರತಿಯೊಂದು ಹೂವಿಗೆ ಐದು ಎಸಳು, ಐದೂ ದುಂಡಗೆ, ಒಂದೊಂದು ಹೂವು ಸಾಸಿವೆ ಕಾಳಿನಷ್ಟಿಲ್ಲ. ಅವಳು ಪತ್ರಿಕೆಯನ್ನು ಮಡಿಸಿ ಉಡುಪಿನ ತೋಳಿನೊಳಗೆ ಇಟ್ಟುಕೊಂಡು ಅಡುಗೆಮನೆಗೆ ಹೋದಳು.

ಫೋನು ಎತ್ತಿ ಹಿಗಾಶಿದೆಯನ್ನು ಕರೆದೆ. ಇನ್ನೊಂದು ತಪ್ಪಿದೆ, ಮುಂದಿನ ಚಿತ್ರದ ಕೆಳಗೆ ತಿದ್ದುಪಡಿ ಹಾಕಬೇಕು ಅಂದೆ.

“ಮತ್ತೆ ಚಿತ್ರದಲ್ಲಾ?”

“ಚಿತ್ರ ಸರಿಯಾಗಿದೆ. ಕ್ಷಮಾಪಣೆ ತಪ್ಪಾಗಿದೆ.”

“ಪತ್ರಿಕೆ ಬಂದು ಅರ್ಧ ಗಂಟೆ ಆಗಿಲ್ಲ. ಇಷ್ಟು ಬೇಗ ಯಾರು ಹೇಳಿದ್ದು, ಸೆನ್ಸೆಯ್?”

“ಚಿತ್ರ ಬರೆಯೋರು” ಅಂದೆ.